ಅಪ್‌ಡೇಟ್: ಮಣ್ಣಿನ ಮನೆ ಕೆಡವಲಿಲ್ಲ

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಕಡೆ ನೆಲ ನಡುಗಿದಾಗ ನಮ್ಮ ಹಸಿ ಇಟ್ಟಿಗೆ ಮನೆಯ ಮೂಲೆಗಳು ಬೆರಳು ತೂರುವಷ್ಟು ಬಿರಿದಿದ್ದವು. ಕೆಡವಬೇಕಾ, ಗಟ್ಟಿ ಮಾಡಿಸಬಹುದಾ ಅಂತ ಇಲ್ಲಿ ಕೇಳಿದ್ದೆ. ಗಟ್ಟಿ ಮಾಡಿಸಿದೆವು.

ಮೊದಲು ಮಾಳಿಗೆ, ಅಂದ್ರೆ ಮಣ್ಣು ಹಾಕಿದ ಚಾವಣಿ. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಕಲ್ಲುಮಣ್ಣಿನ ಗೋಡೆ, ಅದರ ಮೇಲಿನ ಮಣ್ಣಿನ ಭಾರವೇ ಅಷ್ಟು ಜೀವ ತೆಗೆದದ್ದು ಅಂತ ಒಬ್ಬರು ಬರೆದಿದ್ದಿರಿ. ನಮ್ಮದೂ ಅದೇ ಕಥೆ. ಸೋರಬಾರದು ಅಂತ ವರ್ಷಾವರ್ಷ ಮಣ್ಣು ಹಾಕಿ ಹಾಕಿ ಒಂದೂವರೆ ಅಡಿ ಏರಿತ್ತು. ಅಗೆಯುವಾಗ ನಡುಪದರದಲ್ಲಿ ನಾನು ಚಿಕ್ಕವನಿದ್ದಾಗ ಕಳೆದುಕೊಂಡ ಗೋಲಿ ಸಿಕ್ಕಿತು! ಮಣ್ಣೆಲ್ಲ ಇಳಿಸಿ ತಗಡು ಹೊದಿಸಿದ್ದೀವಿ. ಬೇಸಿಗೆಯಲ್ಲಿ ಬೇಯೋದು ಗ್ಯಾರಂಟಿ, ಅವ್ವನ ಬೈಗುಳ ಈಗಲೇ ಶುರುವಾಗಿದೆ.

ಗೌಂಡಿ ಮಾತ್ರ "ಸಿಮೆಂಟ್ ಮೆತ್ತಿದ್ರ ಸಾಕ್ರಿ" ಅಂತ ಹಟ ಹಿಡಿದಿದ್ದ. ಮೆತ್ತಿದರೆ ಬಿರುಕು ಮುಚ್ಚುತ್ತೆ ಅಷ್ಟೆ, ಬಿಟ್ಟ ಮೂಲೆ ಕೂಡಿಕೊಳ್ಳಲ್ಲ. ಕೊನೆಗೆ ಗೋಡೆಗಳೆಲ್ಲ ಒಟ್ಟಿಗೆ ಹಿಡಿದಿರಲಿ ಅಂತ ಅವುಗಳ ನೆತ್ತಿಯ ಮೇಲೆ ಎರಡು ಸಾಲು ಮರದ ಪಟ್ಟಿ, ನಡುವೆ ಅಡ್ಡಪಟ್ಟಿ ಹೊಡೆದು ಏಣಿ ಮಲಗಿಸಿದ ಹಾಗೆ ಸುತ್ತಲೂ ಕಟ್ಟಿಸಿದೆ. ಎಲ್ಲೂ ತುಂಡಾಗಬಾರದು, ಮೂಲೆಯಲ್ಲಂತೂ ಪಟ್ಟಿಗಳು ಒಂದಕ್ಕೊಂದು ಕಚ್ಚಿರಬೇಕು. ತೊಲೆಗಳನ್ನೂ ಅದಕ್ಕೇ ಬಿಗಿದಿದೆ.

ಐಎಸ್ 13827 (ಮಣ್ಣಿನ ಮನೆ ಭೂಕಂಪ ತಾಳೋ ಹಾಗೆ ಕಟ್ಟೋಕೆ ಇರುವ ಭಾರತೀಯ ಮಾನಕ) ನೋಡಿ ಅಂದವರಿಗೆ ಥ್ಯಾಂಕ್ಸ್. ಗೋಡೆಯ ಎತ್ತರ ದಪ್ಪದ 8 ಪಟ್ಟು ಮೀರಬಾರದಂತೆ. ನಮ್ಮದು ಒಂದೂವರೆ ಅಡಿ ದಪ್ಪ, ಹತ್ತಡಿ ಎತ್ತರ, ಪಾಸ್. ಕಿಟಕಿ ಮನೆಯ ಮೂಲೆಯಿಂದ ಕನಿಷ್ಠ 1.2 ಮೀಟರ್, ಅಂದ್ರೆ ಸುಮಾರು ನಾಲ್ಕಡಿ ದೂರ ಇರಬೇಕು. ಅಡುಗೆಮನೆಯದು ಎರಡೇ ಅಡಿಯಲ್ಲಿತ್ತು, ಮುಚ್ಚಿಸಿದೆ. ಹೊಗೆ ಹೋಗೋಕೆ ಬೇರೆ ದಾರಿ ಹುಡುಕ್ತಿದ್ದೀನಿ. ಐಡಿಯಾ ಇದ್ರೆ ಹೇಳಿ.