ಭವಿಷ್ಯದ ಬಗ್ಗೆ ಯೋಚಿಸುವ ಹೆಂಗಸಿಗೆ ಕನ್ನಡದಲ್ಲಿ ಏನು ಹೇಳೋಣ?

ಪೆರ್ಲದ ಟೀಚರ್:
ಎಲ್ಲರಿಗೂ ನಮಸ್ಕಾರ. ಒಂದು ಶಬ್ದ ಬೇಕಿತ್ತು. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗೋಡೆ ಪತ್ರಿಕೆಗೆ ಲೇಖನ ಬರೆದಿದ್ದಾಳೆ. ಇನ್ನು ಐವತ್ತು ವರ್ಷ ಕಳೆದರೆ ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ನೀರು ಇರುತ್ತದಾ ಅಂತ. ಹೆಸರಿನ ಕೆಳಗೆ 'ಫ್ಯೂಚರಿಸ್ಟ್' ಅಂತ ಹಾಕಿದ್ದಳು. ಕನ್ನಡದಲ್ಲಿ ಬರಿ ಮಗಾ ಅಂದೆ. 'ದಾರ್ಶನಿಕ' ಅಂತ ಬರೆದಳು. ಆಮೇಲೆ ರಬ್ಬರಿನಲ್ಲಿ ಉಜ್ಜಿ, "ಟೀಚರ್, ಇದು ಗಂಡಸರಿಗಲ್ವಾ?" ಅಂತ ಕೇಳಿದಳು. ಹಿಂದಿನ ಬೆಂಚಿನ ಹುಡುಗ, "ಕಣಿ ಹೇಳುವವಳು ಅಂತ ಬರಿ" ಅಂದ. ಕ್ಲಾಸೆಲ್ಲ ನಕ್ಕಿತು. ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಬಿಟ್ಟಳು. ನನಗೆ ಆವತ್ತಿಂದ ಸಮಾಧಾನ ಇಲ್ಲ.

ಮಂಜೇಶ್ವರದವ:
'ಭವಿಷ್ಯವಾದಿ' ಆಗಬಹುದು ಟೀಚರ್, ಇಬ್ಬರಿಗೂ ಒಂದೇ. ಆದರೆ ಆ ಇಂಗ್ಲಿಷ್ ಶಬ್ದದ ಚರಿತ್ರೆಯೂ ಸ್ವಲ್ಪ ಕಹಿಯೇ. 1909ರಲ್ಲಿ ಇಟಲಿಯ ಕವಿ ಮರಿನೆಟ್ಟಿ, ಫ್ಯೂಚರಿಸ್ಟರು ಎಂಬ ಕಲಾ ಚಳವಳಿಯವರ ಪ್ರಣಾಳಿಕೆ ಪ್ರಕಟಿಸಿದ. ಯುದ್ಧವನ್ನು ಹೊಗಳುತ್ತೇವೆ, ಹೆಣ್ಣನ್ನು ತಿರಸ್ಕರಿಸುತ್ತೇವೆ ಅಂತ ಅದರಲ್ಲೇ ಇದೆ. 1912ರಲ್ಲಿ ವಲಾಂತೀನ್ ದ ಸ್ಯಾಂ-ಪ್ವಾಂ ಎಂಬ ಫ್ರೆಂಚ್ ಲೇಖಕಿ 'ಫ್ಯೂಚರಿಸ್ಟ್ ಹೆಣ್ಣಿನ ಪ್ರಣಾಳಿಕೆ' ಅಂತ ಬರೆದು ಉತ್ತರ ಕೊಟ್ಟಳು. ಭವಿಷ್ಯವನ್ನು ಅಧ್ಯಯನ ಮಾಡುವವರು ಎಂಬ ಈಗಿನ ಅರ್ಥ ಬಳಕೆಗೆ ಬಂದದ್ದು ಆಮೇಲೆ.

ಕುಂಬಳೆ ಮಾಷ್ಟ್ರು:
ಟೀಚರೇ, ಕಣಿ ಅಂದರೆ ನಗುವಂಥ ಮಾತೇ ಅಲ್ಲ. ವಿಷು ಹಬ್ಬದ ಬೆಳಗ್ಗೆ ಮಕ್ಕಳ ಕಣ್ಣು ಮುಚ್ಚಿ ಕರಕೊಂಡು ಬಂದು ಏನು ತೋರಿಸುತ್ತೇವೆ? ಕನ್ನಡಿ, ಸೌತೆಕಾಯಿ, ಕೊನ್ನೆ ಹೂ. ಅದೂ ಕಣಿಯೇ. 'ಕಾಣು' ಎಂಬುದರಿಂದ ಬಂದ ಶಬ್ದ. ದಾರ್ಶನಿಕದ ಬೇರೂ 'ದೃಶ್', ಅಂದರೆ ನೋಡುವುದು. ಅರ್ಥ ಒಂದೇ! ಆದರೆ ಸಂಸ್ಕೃತದ ಶಬ್ದ ಓದಿದ ಗಂಡಸರ ಪಾಲಾಯಿತು. ನಮ್ಮ ಶಬ್ದ ಬುಟ್ಟಿ ಹಿಡಿದು ಮನೆ ಮನೆ ತಿರುಗುವ ಕೊರವಂಜಿಯ ಪಾಲಿಗೆ ಉಳಿಯಿತು. ಅವಳನ್ನು ಅಂಗಳದಲ್ಲಿ ಕೂರಿಸಿ ಕೈ ತೋರಿಸಿದವರೇ ಅವಳು ಹೋದ ಮೇಲೆ ನಕ್ಕರು. ಇದು ನನಗೆ ಬಹಳ ಬೇಸರದ ವಿಷಯ. 'ದಾರ್ಶನಿಕೆ' ಅಂತ ಬರೆಯಬಹುದು, ಆದರೆ ಬಾಲ ಅಂಟಿಸಿದ ಹಾಗಾಗುತ್ತದೆ. 'ಮುಂಗಾಣುವವಳು' ಅಂತ ಬರೆಯಲಿ. ಕಣಿ ಬಂದ 'ಕಾಣು' ಅದರಲ್ಲೇ ಇದೆ. ಹುಡುಗರಿಗಾದರೆ 'ಮುಂಗಾಣುವವನು'.

ಪೆರ್ಲದ ಟೀಚರ್:
ಮಾಷ್ಟ್ರೇ, ಇದನ್ನು ಇವತ್ತು ಕ್ಲಾಸಿನಲ್ಲಿ ಹಾಗೇ ಓದಿ ಹೇಳಿದೆ. ವಿಷುಕಣಿಯ ಮಾತು ಬಂದಾಗ ಆ ಹಿಂದಿನ ಬೆಂಚಿನವನೂ ಸುಮ್ನೆ ಕೂತು ಕೇಳಿದ. ಅವಳು ಚೀಲದಿಂದ ಕಾಗದ ತೆಗೆದು 'ಮುಂಗಾಣುವವಳು' ಅಂತ ಪೆನ್ನಿನಲ್ಲೇ ಬರೆದಳು. ಅವಳ ಅಜ್ಜ ಕೊರೆದ ಸುರಂಗದಲ್ಲಿ ಈ ಸಲ ಮಾರ್ಚಿಗೇ ನೀರು ಬೆರಳಿನಷ್ಟು ಸಣ್ಣಗಾಗಿದೆಯಂತೆ. ಅದನ್ನೂ ಲೇಖನಕ್ಕೆ ಸೇರಿಸಲು ಹೇಳಿದ್ದೇನೆ.