ಆ ಮರಿ ಧೈರ್ಯದಿಂದ ನಿಂತದ್ದಲ್ಲ, ಚಿಕ್ಕಪ್ಪ

ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೋ, 41 ಸೆಕೆಂಡ್)

ಚಿಕ್ಕಪ್ಪ: ಪುಟ್ಟಾ, ನಿನ್ನ ನಾಯಿಮರಿ ಮಿಂಚುಗೆ ಇದೇ ಸರಿ ನೋಡು. ಮರಿ ತಟ್ಟೆಗೆ ಬಾಯಿ ಹಾಕಿದ ಕೂಡಲೇ ವಿಡಿಯೋದವನು ಪಕ್ಕದಲ್ಲಿ ನಿಂತು ಪಿಸ್ತೂಲು ಹಾರಿಸುತ್ತಾನೆ. 3 ದಿನ ಅಷ್ಟೇ. ಮೂರನೇ ದಿನ ಹೇಗೆ ಕಲ್ಲಿನ ಹಾಗೆ ನಿಂತಿದೆ!

ತಮ್ಮ: ಚೆನ್ನಾಗಿದೆ ಚಿಕ್ಕಪ್ಪ. ಫೀಲ್ಡ್ ಟ್ರಯಲ್‌ಗೆ ಇನ್ನು 3 ವಾರ ಮಾತ್ರ. ಬರೀ ಸದ್ದು ಮಾಡುವ ಬ್ಲ್ಯಾಂಕ್ ಪಿಸ್ತೂಲು ನಿನ್ನೆ ತಾನೇ ಕೈಗೆ ಬಂತು. ನಾಳೆ ಬೆಳಿಗ್ಗೆನೇ ಶುರು ಮಾಡುತ್ತೇನೆ.

ನಾನು: ಬೇಡ ಕಣೋ. ಪಿಸ್ತೂಲು ಎತ್ತಿಡು. ಸದ್ಯಕ್ಕೆ ಅದನ್ನು ಮುಟ್ಟಲೇಬೇಡ.

ಚಿಕ್ಕಪ್ಪ: ಯಾಕಮ್ಮಾ? ಕಣ್ಣಾರೆ ಕಾಣುತ್ತಿದೆಯಲ್ಲ. ಮರಿ ಒಂಚೂರೂ ಅಲುಗಾಡಿಲ್ಲ.

ನಾನು: ನನಗೆ ಸಂಕಟ ಆಗಿದ್ದೇ ಅದಕ್ಕೆ ಚಿಕ್ಕಪ್ಪ. 23ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಬಾಲ ಹಿಂಗಾಲುಗಳ ಮಧ್ಯೆ ಸೇರಿದೆ. ಮೈಭಾರವೆಲ್ಲ ಹಿಂದಕ್ಕೆ ಹೋಗಿದೆ. ತಟ್ಟೆಯಲ್ಲಿ ಊಟ ಹಾಗೇ ಇದೆ, ಅದು ಬರೀ ತುಟಿ ನೆಕ್ಕಿಕೊಳ್ಳುತ್ತಿದೆ. ಆಮೇಲೆ ಒಂದು ದೊಡ್ಡ ಆಕಳಿಕೆ. ಅದು ನಿದ್ದೆಯ ಆಕಳಿಕೆ ಅಲ್ಲ. ಮರಿ ಹೆದರಿ ಮರಗಟ್ಟಿದೆ.

ಅಮ್ಮ: ನನಗೆ ಒಂದೂ ಅರ್ಥ ಆಗಲಿಲ್ಲ. ನಾಯಿಮರಿಗೂ ಪಿಸ್ತೂಲಿಗೂ ಏನು ಸಂಬಂಧ?

ತಮ್ಮ: ಫೀಲ್ಡ್ ಟ್ರಯಲ್ ಅಂದರೆ ಹಕ್ಕಿ ಹುಡುಕುವ ನಾಯಿಗಳ ಪಂದ್ಯ ಅಮ್ಮ. ಎರಡೆರಡು ನಾಯಿಗಳನ್ನು ಜೋಡಿಯಾಗಿ ಬಯಲಿಗೆ ಬಿಡುತ್ತಾರೆ. ಹಕ್ಕಿ ಹುಲ್ಲಿನಲ್ಲಿ ಅಡಗಿರುತ್ತದೆ. ವಾಸನೆ ಸಿಕ್ಕಿದ ತಕ್ಷಣ ಪಾಯಿಂಟರ್ ತಳಿಯ ನಾಯಿ ಇದ್ದಲ್ಲೇ ನಿಂತುಬಿಡುತ್ತದೆ, ಮೂಗು ಹಕ್ಕಿಯ ಕಡೆಗೆ. ಹಾಗೆ ನಿಲ್ಲುವುದಕ್ಕೇ ಪಾಯಿಂಟ್ ಅನ್ನುವುದು. ಆಮೇಲೆ ನಾವು ಹೋಗಿ ಹಕ್ಕಿ ಎಬ್ಬಿಸುತ್ತೇವೆ. ಅದು ಹಾರುವಾಗ ಪಿಸ್ತೂಲಿನಿಂದ ಸದ್ದು ಮಾತ್ರ ಮಾಡುವುದು, ಗುಂಡು ಇರುವುದಿಲ್ಲ.

ಅಮ್ಮ: ಹಾಗಾದರೆ ಮೊದಲೇ ರೂಢಿ ಮಾಡಿಸಬೇಕಲ್ವಾ?

ಚಿಕ್ಕಪ್ಪ: ಅತ್ತಿಗೆ ಸರಿಯಾಗಿ ಹೇಳಿದರು. ನಾನು ಸಾಕಿದ ನಾಯಿಗಳು ಸಿಡಿಲಿಗೂ ಕಿವಿ ಆಡಿಸುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಸದ್ದು ಕೇಳಿಸಬೇಕು. ಮುದ್ದು ಮಾಡಿ ಸಾಕಿದರೆ ಪುಕ್ಕಲಾಗುತ್ತವೆ.

ನಾನು: ರೂಢಿ ಮಾಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಹಕ್ಕಿ, ಆಮೇಲೆ ಸದ್ದು. ಮರಿಗೆ ಹಕ್ಕಿಯ ಹುಚ್ಚು ಹಿಡಿಯಬೇಕು. ಆ ಹುಚ್ಚಿನಲ್ಲಿ ಇರುವಾಗ ಸದ್ದು ಬಂದರೆ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಊಟದ ತಟ್ಟೆ ಪಕ್ಕ ಬಂದರೆ ತಲೆಯಲ್ಲಿ ಉಳಿಯುವುದು ಆ ಸದ್ದೊಂದೇ.

ನಾನು: ಚುಕ್ಕಿ ನಿಮಗೆಲ್ಲ ನೆನಪಿದೆಯಲ್ವಾ, ನನ್ನ ಮೊದಲ ಸೆಟ್ಟರ್, ಅದೂ ಹಕ್ಕಿ ಹುಡುಕುವ ತಳಿಯೇ. ಅದಕ್ಕೆ 5 ತಿಂಗಳಾಗಿದ್ದಾಗ ಒಬ್ಬ ತರಬೇತುದಾರನ ಹತ್ತಿರ ಬಿಟ್ಟಿದ್ದೆ. ಅವನು ಅದನ್ನು ಗುರಿ ಹೊಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ, ಕಂಬಕ್ಕೆ ಕಟ್ಟಿ, ಒಂದು ಮಧ್ಯಾಹ್ನ ಪೂರ್ತಿ ಕೂರಿಸಿದ. ‘ಸುಮ್ನೆ ಕೂತಿತ್ತು, ಏನೂ ತೊಂದರೆ ಇಲ್ಲ’ ಅಂದ. ನಾನೂ ನಂಬಿದೆ. ಎರಡು ವಾರ ಬಿಟ್ಟು ಬಯಲಿಗೆ ಬಿಟ್ಟೆವು. ಚುಕ್ಕಿ ಹಕ್ಕಿ ಹುಡುಕಿತು, ಚೆಂದಾಗಿ ಪಾಯಿಂಟ್ ಹಿಡಿಯಿತು. ಹಕ್ಕಿ ರೆಕ್ಕೆ ಬಡಿದು ಎದ್ದಿತು. ದೂರದಿಂದ ಒಂದೇ ಒಂದು ಬ್ಲ್ಯಾಂಕ್. ಚುಕ್ಕಿ ಹಕ್ಕಿಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಓಡಿ ಕಾರಿನ ಅಡಿ ಸೇರಿಕೊಂಡಿತು. ಎಳೆಯಲು ಹೋದರೆ ಉಗುರುಗಳನ್ನು ಮಣ್ಣಿಗೆ ಊರಿ ನಡುಗುತ್ತಿತ್ತು. ಅದರ ಮುಂದಿನ ಸಲ ಪಿಸ್ತೂಲೇ ಇರಲಿಲ್ಲ. ಹಕ್ಕಿಯ ವಾಸನೆ ಸಿಕ್ಕಿದ್ದೇ ತಡ, ಮುಖ ತಿರುಗಿಸಿ ನನ್ನ ಕಾಲ ಹಿಂದೆ ಬಂದು ನಿಂತಿತು. ಇದಕ್ಕೆ ಬ್ಲಿಂಕಿಂಗ್ ಅನ್ನುತ್ತಾರೆ. ಹಕ್ಕಿ ಇದೆ ಅಂತ ಗೊತ್ತಿದ್ದೂ ಇಲ್ಲದ ಹಾಗೆ ಹೋಗುವುದು. ಹಕ್ಕಿ ಎದ್ದರೆ ಆ ಸದ್ದು ಬರುತ್ತದೆ ಅಂತ ಅದರ ತಲೆಯಲ್ಲಿ ಕೂತುಬಿಟ್ಟಿತ್ತು. 12 ವರ್ಷ ಬದುಕಿತು. ಬಯಲಿಗೆ ಮತ್ತೆ ಇಳಿಯಲಿಲ್ಲ. ಆ ಮಧ್ಯಾಹ್ನ ನಾನು ಜೊತೆಗೆ ಹೋಗಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ತಂಗಿ (ಚಿಕ್ಕಪ್ಪನ ಮಗಳು): ಅಪ್ಪ, ಅಕ್ಕ ಹೇಳುತ್ತಿರುವುದು ಸರಿ. ಹೆದರಿದ ನಾಯಿ ಓಡಿಹೋಗಬಹುದು, ಕಚ್ಚಬಹುದು, ಎರಡೂ ಆಗದಿದ್ದರೆ ಹೀಗೆ ನಿಂತುಬಿಡಬಹುದು. ಕ್ಲಿನಿಕ್ಕಿನ ಟೇಬಲ್ ಮೇಲೆ ದಿನಾ ನೋಡುತ್ತೇನೆ. ‘ನಮ್ಮದು ಎಷ್ಟು ಒಳ್ಳೆ ನಾಯಿ, ಅಲುಗಾಡಲೇ ಇಲ್ಲ’ ಅನ್ನುತ್ತಾರೆ. ಅದರ ಎದೆ ಹೊಡೆದುಕೊಳ್ಳುವುದು ನನ್ನ ಅಂಗೈಗೆ ತಿಳಿಯುತ್ತಿರುತ್ತದೆ. ಇನ್ನೊಂದು, ಕಿವಿ ಪಕ್ಕದಲ್ಲೇ ಹಾರಿಸಿದರೆ ಕಿವಿಗೇ ಪೆಟ್ಟಾಗಬಹುದು. ಬ್ಲ್ಯಾಂಕ್ ಆದರೂ ಅಷ್ಟೇ.

ಚಿಕ್ಕಪ್ಪ: ಆಯ್ತಮ್ಮಾ, ಈ ವಿಡಿಯೋ ಬಿಡಿ. ಆದರೆ ನನ್ನ ಮಾತಿಗೆ ಉತ್ತರ ಕೊಡಿ. ಪಂದ್ಯದ ದಿನ ಅವರು ಹಾರಿಸಿಯೇ ಹಾರಿಸುತ್ತಾರೆ. ಮಿಂಚು ಅವತ್ತೇ ಮೊದಲ ಸಲ ಕೇಳಿದರೆ? ಅದು ಇನ್ನೂ ಕೆಟ್ಟದ್ದಲ್ವಾ?

ನಾನು: ಈ ಮಾತು ಒಪ್ಪುತ್ತೇನೆ ಚಿಕ್ಕಪ್ಪ. ಅಮೆರಿಕನ್ ಕೆನಲ್ ಕ್ಲಬ್ ನಿಯಮದಲ್ಲಿ, ಬ್ಲ್ಯಾಂಕ್ ಹಾರಿಸುತ್ತೇವೆ ಅಂತ ಪ್ರೀಮಿಯಂ ಲಿಸ್ಟ್‌ನಲ್ಲಿ, ಅಂದರೆ ಪಂದ್ಯದ ವಿವರ ಪತ್ರದಲ್ಲಿ, ಮೊದಲೇ ತಿಳಿಸಿದ್ದರೆ, ಪಪ್ಪಿ ಸ್ಟೇಕ್ ಅನ್ನುವ ಮರಿಗಳ ವಿಭಾಗದಲ್ಲೂ ಹಾರಿಸುತ್ತಾರೆ. ಮರಿಗೆ ಹಕ್ಕಿ ಸಿಗಬೇಕು, ಅದನ್ನು ಓಡಿಸುವ ಹ್ಯಾಂಡ್ಲರ್ ಹತ್ತಿರ ಇರಬೇಕು, ಅಷ್ಟೇ. ನಿನ್ನ ಲಿಸ್ಟ್‌ನಲ್ಲಿ ಏನಿದೆ ನೋಡೋ.

ತಮ್ಮ: ನೋಡಿದೆ. ಹಾರಿಸುತ್ತೇವೆ ಅಂತಲೇ ಇದೆ.

ಚಿಕ್ಕಪ್ಪ: ಮತ್ತೆ?

ನಾನು: ಮಿಂಚು ಇಲ್ಲಿಯವರೆಗೆ ಎಷ್ಟು ಹಕ್ಕಿ ನೋಡಿದೆ?

ತಮ್ಮ: ಜೀವಂತ ಹಕ್ಕಿ ಎರಡೇ. ಉಳಿದದ್ದೆಲ್ಲ ಕೋಲಿಗೆ ಕಟ್ಟಿದ ರೆಕ್ಕೆ. ಅದಕ್ಕೆ ಚೆನ್ನಾಗಿ ನಿಲ್ಲುತ್ತದೆ. ಫೋಟೋ ಹಾಕಿದ್ದೆನಲ್ಲ.

ನಾನು: ರೆಕ್ಕೆಗೆ ನಿಲ್ಲುವುದು ಕಣ್ಣಿನ ಆಟ. ಜಾಸ್ತಿ ಆಡಿಸಿದರೆ ಮೂಗು ಬಿಟ್ಟು ಕಣ್ಣಿನಲ್ಲಿ ಹುಡುಕುವ ಚಾಳಿ ಬೀಳುತ್ತದೆ. ಆ ಕೋಲನ್ನೂ ಪಿಸ್ತೂಲಿನ ಜೊತೆ ಎತ್ತಿಡು.

ಚಿಕ್ಕಪ್ಪ: ಹಾಗಾದರೆ ‘ವೋ’ ಅಂದರೆ ನಿಲ್ಲುವ ಹಾಗಾದರೂ ಕಲಿಸಲಿ. ಗಟ್ಟಿಯಾಗಿ ನಿಂತರೆ ತಾನೇ ನಂಬರ್ ಸಿಗುವುದು?

ನಾನು: ಪಪ್ಪಿ ಸ್ಟೇಕ್‌ನಲ್ಲಿ ಇಲ್ಲ. ಗಟ್ಟಿಯಾಗಿ ಪಾಯಿಂಟ್ ಹಿಡಿದದ್ದಕ್ಕೆ ಹೆಚ್ಚಿನ ಅಂಕ ಕೊಡಬಾರದು ಅಂತ ನಿಯಮವೇ ಇದೆ. ಅಲ್ಲಿ ನೋಡುವುದು ಹುಡುಕುವ ಆಸೆ, ಧೈರ್ಯ, ತಾನಾಗಿ ಬಯಲು ಜಾಲಾಡುವ ಛಾತಿ. ಕರೆದರೆ ಸುಮಾರಾಗಿ ಕೇಳಿದರೆ ಸಾಕು. ಹಕ್ಕಿ ಹಾರಿದರೂ ಸದ್ದಾದರೂ ಕದಲದೆ ನಿಲ್ಲುವುದು ದೊಡ್ಡ ನಾಯಿಗಳ ಪರೀಕ್ಷೆ. 2 ವರ್ಷದೊಳಗಿನ ನಾಯಿಗಳ ವಿಭಾಗವಾದ ಡರ್ಬಿಯಲ್ಲಿ ಪಾಯಿಂಟ್ ಹಿಡಿಯಲೇಬೇಕು, ಆದರೆ ಅಲ್ಲೂ ಆ ಸ್ಟೆಡಿತನಕ್ಕೆ ಹೆಚ್ಚಿನ ಅಂಕ ಇಲ್ಲ. ಈಗಲೇ ಹೆಜ್ಜೆಹೆಜ್ಜೆಗೂ ‘ವೋ, ವೋ’ ಅಂದರೆ ಮಿಂಚು ನಿನ್ನ ಮುಖ ನೋಡಿಕೊಂಡು ಓಡುತ್ತದೆ. ಹಾಗೆ ಓಡುವ ಮರಿ ಬಯಲಿನ ಆ ತುದಿಯ ಪೊದೆಗೆ ಹೋಗುವುದೇ ಇಲ್ಲ.

ತಮ್ಮ: ಹಾಗಾದರೆ ನಾಳೆ ಏನು ಮಾಡಲಿ ಅಕ್ಕ? ನೇರವಾಗಿ ಹೇಳು.

ನಾನು: ಗೂಡಿಗೆ ತಾನೇ ವಾಪಸ್ ಹಾರುವ ಪಾರಿವಾಳ ತಗೋ. ಬಟನ್ ಒತ್ತಿದರೆ ಸ್ಪ್ರಿಂಗ್‌ನಿಂದ ಹಕ್ಕಿಯನ್ನು ಹಾರಿಸುವ ರಿಮೋಟ್ ಲಾಂಚರ್‌ನಲ್ಲಿ ಇಟ್ಟು ಹುಲ್ಲಿನಲ್ಲಿ ಅಡಗಿಸು. ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿಕೋ. ಗಾಳಿ ಅಡ್ಡ ಬೀಸುವ ಹಾಗೆ ಮಿಂಚನ್ನು ಕರೆದುಕೊಂಡು ಬಾ. 25 ಅಡಿ ಹಗ್ಗ ನೆಲದಲ್ಲಿ ಎಳೆಯುತ್ತಿರಲಿ, ಕೈಗೆ ಗ್ಲೌಸ್ ಹಾಕಿಕೋ, ಇಲ್ಲದಿದ್ದರೆ ಅಂಗೈ ಸುಡುತ್ತದೆ. ಮಾತಾಡಬೇಡ. ವಾಸನೆಯ ಗೆರೆ ದಾಟಿದ ಕ್ಷಣ ನಿನಗೇ ಗೊತ್ತಾಗುತ್ತದೆ. ಓಟದ ನಡುವೆ ತಲೆ ಹಗ್ಗ ಜಗ್ಗಿದ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ. ಒಂದು ಮುಂಗಾಲು ಎತ್ತಿದ್ದು ಎತ್ತಿದ ಹಾಗೇ. ಬಾಲ ಮೇಲೆ, ತುದಿಯವರೆಗೂ ಬಿಗಿ. ಮೈಭಾರ ಮುಂದಕ್ಕೆ. ಆ ವಿಡಿಯೋದ ಮರಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಅವಾಗ ನೋಡು. ಅದು ಒಂದೇ ಒಂದು ಹೆಜ್ಜೆ ಮುಂದಿಟ್ಟರೆ ಬಟನ್ ಒತ್ತು, ಹಕ್ಕಿ ಹಾರಲಿ. ನುಗ್ಗಿದರೆ ಹಕ್ಕಿ ಹೋಗುತ್ತದೆ ಅಂತ ಅದಕ್ಕೆ ಹಕ್ಕಿಯೇ ಕಲಿಸುತ್ತದೆ, ನೀನು ಬೈಯಬೇಕಾಗಿಲ್ಲ. ತೀರಾ ಹತ್ತಿರ ಬಂದ ಮೇಲೆ ಮಾತ್ರ ಒತ್ತಬೇಡ. ಮುಖದ ಎದುರೇ ಸ್ಪ್ರಿಂಗ್ ಹಾರಿದರೆ ಅದಕ್ಕೂ ಹೆದರುತ್ತದೆ. ಹಕ್ಕಿ ಹಾರಿದ ಮೇಲೆ ಹಗ್ಗ ಬಿಟ್ಟುಬಿಡು. ಅಟ್ಟಿಸಿಕೊಂಡು ಹೋಗಲಿ, ಎಷ್ಟು ದೂರ ಬೇಕಾದರೂ.

ತಮ್ಮ: ಪಿಸ್ತೂಲು?

ನಾನು: ಆ ಅಟ್ಟಾಟದಲ್ಲಿ ಹುಚ್ಚು ಕಾಣಿಸಬೇಕು. ಒಂದು ದಿನ ಅಲ್ಲ, ನಾಲ್ಕಾರು ದಿನ. ಆಮೇಲೆ ಅದು ಅಟ್ಟಿಸಿಕೊಂಡು 100 ಗಜದಷ್ಟು ದೂರ ಹೋದಾಗ, ಇನ್ನೊಬ್ಬರು ನಿನ್ನ ಹಿಂದೆ ದೂರ ನಿಂತು, ಸಣ್ಣ ಸದ್ದಿನ ಬ್ಲ್ಯಾಂಕ್ ಒಂದು ಹಾರಿಸಲಿ. ಒಂದೇ. ನೀನು ಬಾಲ ನೋಡುತ್ತಿರು. ಓಟ ತಪ್ಪಲಿಲ್ಲ ಅಂದರೆ ಮುಂದಿನ ಸಲ ಹತ್ತು ಹೆಜ್ಜೆ ಹತ್ತಿರ. ತಿರುಗಿ ನೋಡಿತು ಅಂದರೆ ನಿಲ್ಲಿಸಿ ಬರೀ ಹಕ್ಕಿಗೆ ವಾಪಸ್ ಹೋಗು. ಹಕ್ಕಿ ಇಲ್ಲದೆ ಸದ್ದು ಯಾವತ್ತೂ ಬೇಡ.

ತಮ್ಮ: 3 ವಾರದಲ್ಲಿ ಆಗುತ್ತದಾ?

ನಾನು: ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಎಂಟ್ರಿ ವಾಪಸ್ ತಗೋ. ಪಪ್ಪಿ ಸ್ಟೇಕ್ 6 ತಿಂಗಳಿಂದ 15 ತಿಂಗಳ ಒಳಗೆ. ಮಿಂಚುಗೆ ಈಗ 8. ಡರ್ಬಿಗೆ 2 ವರ್ಷ ತುಂಬುವವರೆಗೂ ಸಮಯ ಇದೆ. ಯಾಕೆ ಇಷ್ಟು ಅವಸರ?

ಚಿಕ್ಕಪ್ಪ: ಅವಸರ ನಾನು ಮಾಡಿಸಿದ್ದು, ಅವನಿಗೆ ಬೈಯಬೇಡ. ಆ ವಿಡಿಯೋ ಈಗ ನಿಧಾನಕ್ಕೆ ಓಡಿಸಿ ನೋಡಿದೆ. ಬಾಲದ ವಿಷಯ ನಿಜ. ಎರಡನೇ ದಿನದ್ದರಲ್ಲಿ ಅದು ತಟ್ಟೆಯ ಹತ್ತಿರ ಬರಲೇ ಹಿಂಜರಿಯುತ್ತದೆ, ಅವನು ಕತ್ತು ಹಿಡಿದು ತರುತ್ತಾನೆ. ಮೊದಲು ನನ್ನ ಕಣ್ಣಿಗೆ ಬೀಳಲಿಲ್ಲ. ಆದರೂ ಮರಿಗಳಿಗೆ ಮನೆಯ ಸದ್ದುಗದ್ದಲ ಚಿಕ್ಕಂದಿನಲ್ಲೇ ಕೇಳಿಸಬೇಕು ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ.

ನಾನು: ಅದನ್ನು ಬಿಡಬೇಡಿ. ಪಾತ್ರೆ ಬೀಳುವುದು, ಬಾಗಿಲು ಬಡಿಯುವುದು, ಎಲ್ಲ ಬೇಕು. ಅದರ ಪಾಡಿಗೆ ಅದು ಓಡಾಡಿಕೊಂಡು ಇರಬೇಕು, ಬೇಡ ಅನ್ನಿಸಿದರೆ ದೂರ ಹೋಗಲು ಜಾಗ ಇರಬೇಕು, ಅಷ್ಟೇ.

(ಮರುದಿನ ಸಂಜೆ)

ತಮ್ಮ: ಇವತ್ತು 3 ಪಾರಿವಾಳ. ಮೊದಲನೆಯದಕ್ಕೆ ನೇರ ನುಗ್ಗಿತು, ಬಟನ್ ಒತ್ತಿದೆ. ಎರಡನೆಯದಕ್ಕೂ ಅಷ್ಟೇ. ಮೂರನೆಯದಕ್ಕೆ ನಿಂತಿತು ಅಕ್ಕ! ನಾಲ್ಕೈದು ಸೆಕೆಂಡ್ ಇರಬಹುದು. ಆಮೇಲೆ ಅಟ್ಟಿಸಿಕೊಂಡು ಹೋಗಿ ಬೇಲಿಯ ಹತ್ತಿರ ಆಕಾಶ ನೋಡುತ್ತಾ ನಿಂತಿತ್ತು. ಕರೆದರೂ ಬರಲಿಲ್ಲ.

ಚಿಕ್ಕಪ್ಪ: ನಿಂತಾಗ ಬಾಲ ಹೇಗಿತ್ತು?

ತಮ್ಮ: ಮೇಲೆ ಇತ್ತು ಚಿಕ್ಕಪ್ಪ. ತುದಿ ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು.

ಚಿಕ್ಕಪ್ಪ: ನಾಳೆ ಪಕ್ಕದಿಂದ ವಿಡಿಯೋ ಮಾಡಿ ಹಾಕು. ಪಿಸ್ತೂಲು ಎಲ್ಲಿದೆ?

ತಮ್ಮ: ಬೀರುವಿನಲ್ಲಿ.