ಸಹಾಯ ಬೇಕು: 1780ರ ಮರಿಯಾ ಥೆರೇಸಾ ಥಾಲರ್ (ಆಸ್ಟ್ರಿಯಾ ರಾಣಿಯ ಹೆಸರಿನ ಬೆಳ್ಳಿ ನಾಣ್ಯ), ಹಳೇ ಅಚ್ಚೋ ಮರುಅಚ್ಚೋ?

ತೂಕ 28.03 ಗ್ರಾಂ, ಅಡ್ಡಳತೆ 40 ಮಿ.ಮೀ. ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದರೆ 2.75 ಗ್ರಾಂ ಕಡಿಮೆ, ಸಾಂದ್ರತೆ 10.2 ಬಂತು, 0.833 ಬೆಳ್ಳಿಗೆ (ಅಂದರೆ ಶೇ. 83.3 ಬೆಳ್ಳಿ) ಸರಿಹೋಗುತ್ತೆ. ಅಂಚಿನ ಅಕ್ಷರಗಳು ಉಬ್ಬಿವೆ, ಎರಕದ ಗೆರೆ ಇಲ್ಲ.

ತಕರಾರಿರೋದು ಕಾಲದ್ದು. ರಾಣಿ ತೀರಿಕೊಂಡ ಮೇಲೂ ಇದೇ ಇಸವಿ ಹಾಕಿ ವಿಯೆನ್ನಾ, ರೋಮ್, ಲಂಡನ್, ಅಷ್ಟೇ ಏಕೆ ನಮ್ಮ ಬಾಂಬೆ ಟಂಕಸಾಲೆಯೂ ಅಚ್ಚು ಹಾಕಿದೆ. ಹಾಗಾಗಿ ತೂಕ, ಟಂಕಸಾಲೆ ಅಧಿಕಾರಿಗಳ ಹೆಸರಿನ ‘ಎಸ್.ಎಫ್.’ ಅಕ್ಷರ ನೋಡಿ ಹೇಳೋಕಾಗಲ್ಲ. ರಾಣಿಯ ಬ್ರೋಚಿನಲ್ಲಿ 9 ಮುತ್ತು ಕಾಣುತ್ತೆ. ಹಿಂಬದಿಯ ಹದ್ದಿನ ಬಾಲದ ಗರಿ ಸವೆದಿದೆ, ಎಣಿಕೆಗೆ ಸಿಗ್ತಿಲ್ಲ. ಉಳಿದಿರೋದು ಅಂಚಿನ ಪದಗಳ ನಡುವಿನ ಅಲಂಕಾರ. ಗುಂಟ್ಸ್‌ಬರ್ಗ್ ಟಂಕಸಾಲೆಯ ಮೂಲ ನಾಣ್ಯ ಇರುವವರು ಅಂಚಿನ ಫೋಟೋ ಹಾಕ್ತೀರಾ? ಓರೆ ಬೆಳಕಲ್ಲಿ ತೆಗೆಯಿರಿ, ನೇರ ಫ್ಲ್ಯಾಶ್‌ಗೆ ಉಬ್ಬು ಕಾಣಲ್ಲ. ತೊಳೆದು ನೋಡಿ ಅಂತ ಮಾತ್ರ ಹೇಳಬೇಡಿ.